ನೂರಕ್ಕೆ ತೊಂಬತ್ತು

ಪಾದಾಂಗ್ ಪಟ್ಟಣದ ನಮ್ಮ ಕಚೇರಿಯಲ್ಲಿ ಯುಸ್ಮಾನೆಲಿಯವರನ್ನು ಬೆನ್ನ ಹಿಂದೆ ಎಲ್ಲರೂ ‘ಬು ತೊಂಬತ್ತೈದು’ ಎನ್ನುತ್ತಿದ್ದರು. ಬು ಅಂದರೆ ಅಮ್ಮಾವರು. ಅದು ಅವರಿಗೂ ಗೊತ್ತಿತ್ತು. ೨೦೦೩ರಲ್ಲಿ ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ, “ಏನ್ ಜೋನ್, ನಿಂಗೂ ಹೇಳ್ಬಿಟ್ರಾ ನನ್ನ ಅಡ್ಡಹೆಸರು?” ಎಂದು ಕೇಳಿದರು. ನಾನು ತಡವರಿಸಿದ್ದು ನೋಡಿ, “ಇರ್ಲಿ ಬಿಡು. ನೂರಕ್ಕೆ ತೊಂಬತ್ತೈದು ಅಂದ್ರೆ ಒಳ್ಳೇ ಮಾರ್ಕೇ ಅಲ್ವಾ?” ಎಂದು ನಕ್ಕರು. ಅವತ್ತಿನಿಂದ ನಾನು ಅವರನ್ನು ಉನಿ ನೆಲಿ ಎಂದು ಕರೆಯತೊಡಗಿದೆ. ನಮ್ಮ ಮಿನಾಂಗ್ ಮಾತಿನಲ್ಲಿ ಉನಿ ಎಂದರೆ ಅಕ್ಕ.

ನಮ್ಮದು ವಿದ್ಯುತ್ ಪ್ರಸರಣದ ಯೋಜನಾ ವಿಭಾಗ. ಹತ್ತು ವರ್ಷದ ಮೇಲೆ ಯಾವ ಊರಿಗೆ ಎಷ್ಟು ಕರೆಂಟು ಬೇಕಾದೀತು, ಅದಕ್ಕೆ ಎಲ್ಲಿ ತಂತಿ ಎಳೆಯಬೇಕು, ಎಲ್ಲಿ ಸಬ್‌ಸ್ಟೇಷನ್ ಕಟ್ಟಬೇಕು ಎಂದು ಮೊದಲೇ ಲೆಕ್ಕ ಹಾಕುವ ಕೆಲಸ. ಈ ಲೆಕ್ಕಗಳಿಗೆಲ್ಲ ಒಂದು ನಿಯಮದ ಪುಸ್ತಕವಿತ್ತು. ನಲವತ್ತು ಪುಟದ, ಹಸಿರು ರಟ್ಟಿನ ಆ ಪುಸ್ತಕವನ್ನು ಬರೆದವರು ಉನಿ ನೆಲಿ. ಯಾವುದೇ ಒಂದು ಮಾರ್ಗ ಕೆಟ್ಟು ಅದರ ಭಾರವೆಲ್ಲ ಉಳಿದವುಗಳ ಮೇಲೆ ಬಿದ್ದರೂ ಯಾವ ಸಬ್‌ಸ್ಟೇಷನ್ನಿನಲ್ಲೂ ವೋಲ್ಟೇಜು ನೂರಕ್ಕೆ ತೊಂಬತ್ತೈದಕ್ಕಿಂತ ಕೆಳಗಿಳಿಯಕೂಡದು. ಸಿಡಿಲು ಹೊಡೆದು ತಂತಿ ಕಡಿದ ಗಳಿಗೆಯಲ್ಲೂ ಜನರೇಟರುಗಳು ಒಂದಕ್ಕೊಂದು ಹೆಜ್ಜೆ ತಪ್ಪದೆ ಮತ್ತೆ ಒಂದೇ ವೇಗಕ್ಕೆ ಬಂದು ನಿಲ್ಲಬೇಕು. ಅದರ ತಿರುಳು ಇಷ್ಟೇ. ಇದರಲ್ಲಿ ಯಾವುದು ತಪ್ಪಿದರೂ ಉನಿ ಸಹಿ ಹಾಕುತ್ತಿರಲಿಲ್ಲ. ರಾಜಕಾರಣಿಗಳ ಚೀಟಿ ಹಿಡಿದು ಬಂದವರನ್ನೂ ಚಹಾ ಕುಡಿಸಿ ಬರಿಗೈಯಲ್ಲಿ ಕಳಿಸಿದ್ದನ್ನು ನಾನೇ ನೋಡಿದ್ದೇನೆ.

ಅವರು ಹುಟ್ಟಿದ್ದು ಮುವಾರೊ ಸಿಕಾಬುವಿನಲ್ಲಿ. ಪಾದಾಂಗಿನಿಂದ ದಕ್ಷಿಣಕ್ಕೆ, ಕರಾವಳಿಯ ದಾರಿಯಲ್ಲಿ ಬಸ್ಸಿನಲ್ಲಿ ನಾಲ್ಕು ತಾಸು. ತಂದೆ ದೋಣಿಯವರು, ಬೇಗ ತೀರಿಕೊಂಡರು. ತಾಯಿ ಒಣಮೀನು ಮಾರಿ ಮಗಳನ್ನು ಬಾಂಡುಂಗಿಗೆ ಓದಲು ಕಳಿಸಿದರು. ಆ ಊರಿನಿಂದ ಎಂಜಿನಿಯರ್ ಆದ ಮೊದಲ ಹೆಂಗಸು ಉನಿಯೇ. ಮದುವೆಯಾಗಲಿಲ್ಲ. ಕೇಳಿದವರಿಗೆ, “ನನ್ನ ನಿಯಮಕ್ಕೆ ಯಾರೂ ಪಾಸಾಗಲಿಲ್ಲ” ಎನ್ನುತ್ತಿದ್ದರು. ಎಂಟು ವರ್ಷ ಚಿಕ್ಕವನಾದ ತಮ್ಮ ಎರ್ದಿವಾಲನ ಮೇಲೆ ಅವರಿಗೆ ಪ್ರಾಣ. ಪಾದಾಂಗಿನಿಂದ ಮಂಜುಗಡ್ಡೆ ಹೇರಿಕೊಂಡು ಊರಿನ ಮೀನುದಕ್ಕೆಗೆ ಲಾರಿ ಓಡಿಸುವುದು ಅವನ ಕೆಲಸ. ವಾರಕ್ಕೆರಡು ಸಲವಾದರೂ ಕಚೇರಿಯ ಗೇಟಿನ ಬಳಿ ಹಾರ್ನ್ ಮಾಡುತ್ತಿದ್ದ. ಉನಿ ಇಳಿದು ಹೋಗಿ ಬುತ್ತಿ ಕೊಟ್ಟು ಬರುತ್ತಿದ್ದರು.

೨೦೦೬ರಲ್ಲಿ ಮುವಾರೊ ಸಿಕಾಬುವಿನಲ್ಲೇ ಮಂಜುಗಡ್ಡೆಯ ಕಾರ್ಖಾನೆ ಮತ್ತು ಮೀನು ಕೆಡದಂತೆ ಇಡುವ ಶೀತಲಗೃಹ ಕಟ್ಟುವ ಯೋಜನೆ ಬಂತು. ಹೊಸ ಸಬ್‌ಸ್ಟೇಷನ್ ಬೇಕಾಗಿತ್ತು. ಆದರೆ ಆ ದಿಕ್ಕಿಗೆ ಹೋಗುತ್ತಿದ್ದುದು ಒಂದೇ ಸಾಲು ಗೋಪುರಗಳ ಮೇಲಿನ ಎರಡು ಮಾರ್ಗ. ಒಂದು ಮಾರ್ಗ ತಪ್ಪಿದರೆ ಅಷ್ಟು ದೂರದ ತುದಿಯಲ್ಲಿ ವೋಲ್ಟೇಜು ತೊಂಬತ್ತೊಂದಕ್ಕೆ ಇಳಿಯುತ್ತದೆ ಎಂದು ಲೆಕ್ಕ ಹೇಳಿತು. ಉನಿ ತಮ್ಮೂರಿನ ಕಡತವನ್ನೂ ವಾಪಸು ಕಳಿಸಿದರು.

ಒಂದು ವಾರದಲ್ಲಿ ಊರಿನವರು ಏಳೆಂಟು ಜನ ಬಂದರು. ಮುಂದೆ ನಿಂತವನು ಉನಿಯ ತಮ್ಮ ವಾಲ್.

“ಉನಿ, ಊರಿನ ಮಾನ ತೆಗೀಬೇಡ. ಅರ್ಧ ಮೀನು ದಕ್ಕೇಲೇ ಕೊಳೀತಿದೆ. ನಾನು ತರೋ ಗಡ್ಡೆ ಊರು ಮುಟ್ಟೋವಾಗ ಮುಕ್ಕಾಲು ನೀರಾಗಿರತ್ತೆ. ಒಂದು ಸಹಿ ಹಾಕೋಕೆ ಏನು ಕಷ್ಟ ನಿಂಗೆ?”

“ಸಹಿ ಸುಲಭಾನೇ ಕಣೋ. ಇಲ್ಲಿ ನೋಡು.” ಉನಿ ಒಂದು ಹಾಳೆಯ ಹಿಂಬದಿಯಲ್ಲಿ ಗೆರೆ ಎಳೆದರು. ಮೊದಮೊದಲು ಮೆಲ್ಲಗೆ ಇಳಿಯುವ ಗೆರೆ ಆಮೇಲೆ ಮೂಗಿನ ತುದಿಯ ಹಾಗೆ ಗಕ್ಕನೆ ಒಳಕ್ಕೆ ತಿರುಗುತ್ತಿತ್ತು. “ನೀವು ಹೆಚ್ಚು ಕರೆಂಟು ಎಳೆದಷ್ಟೂ ವೋಲ್ಟೇಜು ಹೀಗೆ ಇಳಿಯತ್ತೆ. ಈ ಮೂಗು ದಾಟಿದ್ರೆ ಮುಗೀತು. ಇಡೀ ದಕ್ಷಿಣ ಕುಸಿದು ಬೀಳತ್ತೆ. ತೊಂಬತ್ತೈದು ಅಂತ ಬೇಲಿ ಹಾಕಿರೋದು ಅದಕ್ಕೇ.”

“ನಮ್ಮೂರಿಗೆ ಬೇಲಿ ಹಾಕೋಕೇನಾ ಅಮ್ಮ ಮೀನು ಮಾರಿ ನಿನ್ನ ಓದಿಸಿದ್ದು?”

ವಾಲ್ ತಾನಾಡಿದ ಮಾತಿಗೆ ತಾನೇ ಬೆಚ್ಚಿದವನಂತೆ ನೆಲ ನೋಡುತ್ತ ನಿಂತ. ಉನಿ ಆ ಹಾಳೆಯನ್ನು ಮಡಚಿ ಮೇಜಿನ ಡ್ರಾಯರಿನೊಳಗೆ ಹಾಕಿದರು.

ಮರುದಿನ ನಮ್ಮ ಮುಖ್ಯಸ್ಥ ಪಾಕ್ ಸುಗಿಯಾರ್ತೊ ಉನಿಯನ್ನು ಕರೆಸಿದರು. ಪಾಕ್ ಅಂದರೆ ಯಜಮಾನರು. ಜಾವಾದವರು, ದನಿ ಏರಿಸದ ಮನುಷ್ಯ. ನಾನು ಕಡತ ಹಿಡಿದು ಜೊತೆಗೇ ಇದ್ದೆ.

“ಬು ನೆಲಿ, ಬೇರೆ ದೇಶಗಳಲ್ಲಿ ಇಂಥ ಹೊತ್ತಲ್ಲಿ ತೊಂಬತ್ತರವರೆಗೂ ಬಿಡ್ತಾರಂತಲ್ಲ?”

“ಬಿಡ್ತಾರೆ ಪಾಕ್. ಅಲ್ಲಿ ವೋಲ್ಟೇಜು ಎತ್ತಿ ಹಿಡಿಯೋ ಉಪಕರಣ ಇರತ್ತೆ, ಅಪಾಯ ಬಂದ್ರೆ ತಾನಾಗೇ ಒಂದಿಷ್ಟು ಊರು ಕತ್ತರಿಸೋ ವ್ಯವಸ್ಥೆ ಇರತ್ತೆ. ನಮ್ಮಲ್ಲಿ ಏನಿದೆ?”

“ಗುಡ್ಡದ ಮೇಲೆ ಗೋಪುರಗಳ ಎರಡನೇ ಸಾಲು ಬರ್ತದಲ್ಲ. ಎರಡು ವರ್ಷ. ಅಲ್ಲೀತನಕ ತಾತ್ಕಾಲಿಕ ಅಂತ ಬರೀರಿ. ಹತ್ತು ಸಾವಿರ ಮನೆ ಆ ದೀಪಕ್ಕೆ ಕಾಯ್ತಿವೆ.”

ಉನಿ ಎರಡು ದಿನ ರಜೆ ಹಾಕಿದರು. ಮೂರನೆಯ ದಿನ ಬಂದು, ಹಸಿರು ಪುಸ್ತಕದ ಹದಿನೇಳನೆಯ ಪುಟದಲ್ಲಿ ತೊಂಬತ್ತೈದನ್ನು ಹೊಡೆದು ತೊಂಬತ್ತು ಎಂದು ಬರೆದರು. ಪುಟದ ಕೆಳಗೆ, ‘ದಕ್ಷಿಣ ಕರಾವಳಿಗೆ ಮಾತ್ರ, ಎರಡನೆಯ ಸಾಲು ಆಗುವವರೆಗೆ ಮಾತ್ರ, ವೋಲ್ಟೇಜು ಈ ಮಟ್ಟದಲ್ಲಿ ಒಂದು ತಾಸಿಗಿಂತ ಹೆಚ್ಚು ನಿಂತರೆ ಬೇಡಿಕೆ ತಗ್ಗಿಸತಕ್ಕದ್ದು’ ಎಂದು ಸಣ್ಣ ಅಕ್ಷರದಲ್ಲಿ ಅಡಿಟಿಪ್ಪಣಿ ಸೇರಿಸಿದರು. ಆಮೇಲೆ ತಮ್ಮೂರಿನ ಕಡತಕ್ಕೆ ಸಹಿ ಹಾಕಿದರು.

೨೦೦೮ರಲ್ಲಿ ಮುವಾರೊ ಸಿಕಾಬುವಿಗೆ ಕರೆಂಟು ಬಂತು, ಕಾರ್ಖಾನೆ ಶುರುವಾಯಿತು. ವಾಲ್ ಲಾರಿ ಬಿಟ್ಟು ಅಲ್ಲೇ ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಮೊದಲ ಗಡ್ಡೆ ಹೊರಬಿದ್ದ ದಿನ ಉನಿಗೆ ಫೋನ್ ಮಾಡಿ, “ಉನಿ, ನಿನ್ನ ಹೆಸರಲ್ಲಿ ಒಂದು ಚೂರು ಬಾಯಿಗೆ ಹಾಕ್ಕೊಂಡೆ. ಹಲ್ಲು ಜುಮ್ ಅಂತಿದೆ” ಎಂದ. ಉನಿ ಅವತ್ತು ಇಡೀ ಕಚೇರಿಗೆ ಸಿರ್ಸಾಕ್ ಹಣ್ಣಿನ ಪಾನಕ ಹಂಚಿದರು. ಅವರು ಅಷ್ಟು ಸಂತೋಷದಲ್ಲಿದ್ದುದನ್ನು ಆಮೇಲೆ ನಾನು ನೋಡಲಿಲ್ಲ.

ಮರುವರ್ಷ ಸೆಪ್ಟೆಂಬರಿನಲ್ಲಿ ಭೂಮಿ ನಡುಗಿತು. ಪಾದಾಂಗಿನಲ್ಲಿ ನಮ್ಮ ಕಚೇರಿಯ ಹಿಂಬದಿ ಕುಸಿಯಿತು. ನಾವು ಹೊರಗೆ ಓಡಿ ಉಳಿದುಕೊಂಡೆವು. ಮುವಾರೊ ಸಿಕಾಬುವಿನ ಮೇಲುಗಡೆ ಉನಿಯ ಕುಲದವರ ಗುಡ್ಡವಿತ್ತು, ದಾಲ್ಚಿನ್ನಿ ತೋಟ, ಹನ್ನೊಂದು ಮನೆ. ಗುಡ್ಡದ ಒಂದು ಮಗ್ಗುಲು ಜಾರಿ ಆ ಮನೆಗಳ ಮೇಲೆ ಬಿತ್ತು. ತೊಗಟೆ ಒಣಗಿಸಲು ಹೋಗಿದ್ದ ಅವರ ತಾಯಿ ಅಲ್ಲೇ ಇದ್ದರು. ಎರಡು ವಾರ ಅಗೆದರು. ಕೆಲವರು ಸಿಕ್ಕರು, ತಾಯಿ ಸಿಗಲಿಲ್ಲ. ಕೊನೆಗೆ ಇಡೀ ಮಗ್ಗುಲನ್ನೇ ಗೋರಿಯೆಂದು ಬಗೆದು ಅದರ ಬುಡದಲ್ಲಿ ನಿಂತು ಪ್ರಾರ್ಥನೆ ಮಾಡಿ ಬಂದರು.

ಎರಡನೆಯ ಸಾಲಿನ ಕೆಲಸ ನಿಂತಿತು. ಬಿದ್ದದ್ದನ್ನೆಲ್ಲ ಎತ್ತಿ ನಿಲ್ಲಿಸುವುದೇ ಮೊದಲಾಯಿತು, ಅದು ಸರಿಯೇ. ಮತ್ತೆ ಶುರುವಾದದ್ದು ೨೦೧೧ರಲ್ಲಿ. ಅರವತ್ತೆರಡು ಗೋಪುರಗಳಲ್ಲಿ ಐವತ್ತೈದು ಎದ್ದವು. ಉಳಿದ ಏಳು ಏಳಬೇಕಾಗಿದ್ದುದು ಆ ಗುಡ್ಡದ ಮೇಲೆ.

ನಮ್ಮಲ್ಲಿ ಕುಲದ ಜಮೀನು ಹೆಣ್ಣುಮಕ್ಕಳದು. ಆದರೆ ಅದರ ಬಗ್ಗೆ ಕೊನೆಯ ಮಾತು ಸೋದರಮಾವನದು. ಉನಿಯ ಮಾವ, ಕುಲದ ಹಿರಿಯ, ದಾತುಕ್ ಎಂಬ ಬಿರುದಿನವರು. ಮಾವನನ್ನು ನಾವು ಮಾಕ್ ಎನ್ನುತ್ತೇವೆ. ಅವರೊಡನೆ ಮಾತಾಡಲು ಹೊರಟಾಗ ಉನಿ ನನ್ನನ್ನೂ ಕರೆದುಕೊಂಡು ಹೋದರು. ದಾತುಕ್ ಜಗಲಿಯಲ್ಲಿ ಕೂತು ಲವಂಗದ ಸಿಗರೇಟು ಸೇದುತ್ತಿದ್ದರು. ಉನಿ ನಕ್ಷೆ ಬಿಡಿಸಿ ಅರ್ಧ ತಾಸು ಹೇಳಿದರು. ಮುದುಕ ಒಂದು ಸಲವೂ ಅಡ್ಡ ಮಾತಾಡದೆ ಕೇಳಿಸಿಕೊಂಡರು.

“ಆಯ್ತಾ ನೆಲಿ?”

“ಆಯ್ತು ಮಾಕ್ ದಾತುಕ್. ಏಳೇ ಏಳು ಕಂಬ. ಬೇರೇನೂ ಕೇಳಲ್ಲ.”

“ಕಂಬಕ್ಕೆ ಎಷ್ಟು ಆಳ ತೋಡ್ತಾರೆ?”

“ಮೂರೂವರೆ ಮೀಟರು.”

“ನಿನ್ನ ಅಮ್ಮ ಎಲ್ಲಿ ಮಲಗಿದಾಳೆ ಅಂತ ಬೆರಳಿಟ್ಟು ತೋರಿಸು. ಕಂಬ ಎಲ್ಲಿ ನೆಡೋದು ಅಂತ ನಾನು ಆಮೇಲೆ ಹೇಳ್ತೀನಿ.”

ಉನಿ ನಕ್ಷೆಯ ಮೇಲೆ ಕೈಯಿಟ್ಟುಕೊಂಡೇ ಕೂತರು. ಮುದುಕನ ದನಿಯಲ್ಲಿ ಸಿಟ್ಟಿರಲಿಲ್ಲ. “ನಿನ್ನ ಬೈತಿಲ್ಲ ಮಗಳೇ. ಅವಳು ನನ್ನ ಒಡಹುಟ್ಟಿದವಳು. ಹಾರೆಗೆ ಅವಳ ಮೂಳೆ ಸಿಕ್ಕಿದ ದಿನ ನಾನು ಯಾರಿಗೆ ಉತ್ತರ ಹೇಳ್ಲಿ? ಗುಡ್ಡ ಬಿಟ್ಟು ಸುತ್ತಿ ಹೋಗ್ರಿ.”

ಸುತ್ತಿ ಹೋಗಬೇಕಾದರೆ ಕಾಯ್ದಿಟ್ಟ ಕಾಡಿನೊಳಗೆ ನಾಲ್ಕು ಕಿಲೋಮೀಟರು. ಅರ್ಜಿ ಕೊಟ್ಟೆವು. ಪ್ರತಿ ಸಲವೂ ಒಂದೊಂದು ಕೊರತೆ ತೋರಿಸಿ ಕಡತ ವಾಪಸು ಬರುತ್ತಿತ್ತು. ಅಷ್ಟರಲ್ಲಿ ಹಸಿರು ಪುಸ್ತಕ ಹೊಸದಾಗಿ ಅಚ್ಚಾಯಿತು. ಯಾರೋ ಟೈಪ್ ಮಾಡಿದವರು ಅಡಿಟಿಪ್ಪಣಿಗಳನ್ನೆಲ್ಲ ಬಿಟ್ಟಿದ್ದರು. ಬೇಕೆಂದು ಬಿಟ್ಟದ್ದೋ ಕೈತಪ್ಪಿ ಬಿಟ್ಟದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ತೊಂಬತ್ತು ಎಂಬುದು ಮಾತ್ರ ಉಳಿಯಿತು, ಎಲ್ಲ ಕರಾವಳಿಗೂ ಎಲ್ಲ ಕಾಲಕ್ಕೂ ಎನ್ನುವ ಹಾಗೆ. ಉನಿ ಮೂರು ಸಲ ಪತ್ರ ಬರೆದರು. “ಮುಂದಿನ ಮುದ್ರಣದಲ್ಲಿ ನೋಡೋಣ” ಎಂದು ಉತ್ತರ ಬಂತು.

೨೦೧೪ರ ಮಾರ್ಚಿನಲ್ಲಿ ಮರವೊಂದು ಬಿದ್ದು ಹಳೆಯ ಸಾಲಿನ ಒಂದು ಮಾರ್ಗ ಕೆಟ್ಟಿತು. ಬದಲಿ ಸಾಮಾನು ಜಾವಾದಿಂದ ಬರಬೇಕು, ಮೂರು ವಾರವಾಗುತ್ತದೆ ಎಂದರು. ಬಿಸಿಲು ಸುಡುತ್ತಿತ್ತು. ಮುವಾರೊ ಸಿಕಾಬುವಿನಲ್ಲಿ ವೋಲ್ಟೇಜು ತೊಂಬತ್ತೊಂದು, ಒಮ್ಮೊಮ್ಮೆ ತೊಂಬತ್ತೂವರೆ. ಉನಿ ಬೆಳಿಗ್ಗೆ ಬಂದ ಕೂಡಲೇ ಆ ಅಂಕಿ ಕೇಳುತ್ತಿದ್ದರು, ಮಧ್ಯಾಹ್ನ ಕೇಳುತ್ತಿದ್ದರು, ಮನೆಗೆ ಹೊರಡುವಾಗ ಕೇಳುತ್ತಿದ್ದರು. ಮೂರನೆಯ ದಿನ ಸುಗಿಯಾರ್ತೊ ಅವರ ಕೋಣೆಗೆ ಹೋದರು.

“ಪಾಕ್, ಕಾರ್ಖಾನೆಗೆ ಮೂರು ಯಂತ್ರದಲ್ಲಿ ಎರಡೇ ಓಡಿಸಿ ಅಂತ ಹೇಳಿ. ಮೋಟಾರು ಕಾದು ಹೋಗ್ತಿವೆ.”

“ಅಂಕಿ ನಿಯಮದ ಒಳಗೇ ಇದೆಯಲ್ಲ, ಬು?”

“ಆ ನಿಯಮ ಬರೆದೋಳೇ ನಾನು ಪಾಕ್. ಒಂದು ತಾಸು ಅಂತ ಬರೆದಿದ್ದೆ. ಇವತ್ತಿಗೆ ಮೂರು ದಿನ.”

“ಈಗಿನ ಪುಸ್ತಕದಲ್ಲಿ ಎಲ್ಲಿದೆ ತೋರಿಸಿ. ಇದ್ರೆ ಈಗಲೇ ಆದೇಶ ಮಾಡ್ತೀನಿ. ಇಲ್ದೇ ನಾನು ಯಾವ ಬಾಯಲ್ಲಿ ಅವರ ಕಾರ್ಖಾನೆ ನಿಲ್ಲಿಸ್ಲಿ?”

ಉನಿ ಹೊರಗೆ ಬಂದು ತಮ್ಮನಿಗೇ ಫೋನ್ ಮಾಡಿದರು. ವಾಲ್ ನಕ್ಕ. “ದೋಣಿ ತುಂಬ ಟ್ಯೂನಾ ಬರ್ತಿರೋ ಹೊತ್ತಲ್ಲಿ ಮಾಲೀಕರ ಮುಂದೆ ಹೋಗಿ ಯಂತ್ರ ನಿಲ್ಸಿ ಅನ್ಲಾ? ನನ್ನನ್ನೇ ಗಡ್ಡೆ ಮಾಡಿ ಇಡ್ತಾರೆ. ಹೆದರ್ಬೇಡ ಉನಿ, ಮೋಟಾರಿನ ಮೇಲೆ ಒದ್ದೆ ಗೋಣಿ ಹಾಕಿದೀನಿ.”

ಹದಿನೇಳನೆಯ ದಿನ, ಮಧ್ಯಾಹ್ನ ಎರಡು ಗಂಟೆಗೆ, ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ನಿಲ್ಲಿಸಿದ್ದ ಮೂರನೆಯ ಯಂತ್ರವನ್ನೂ ಮತ್ತೆ ಚಾಲೂ ಮಾಡಿದರು. ವೋಲ್ಟೇಜು ತಗ್ಗಿದಾಗ ಮೋಟಾರು ಅದೇ ಕೆಲಸಕ್ಕೆ ಇನ್ನಷ್ಟು ಕರೆಂಟು ಎಳೆಯುತ್ತದೆ. ಎಳೆದಷ್ಟೂ ವೋಲ್ಟೇಜು ಮತ್ತೆ ತಗ್ಗುತ್ತದೆ. ತೊಂಬತ್ತು, ಎಂಬತ್ತೇಳು, ಎಂಬತ್ತು. ಆಮೇಲೆ ಅಂಕಿಯೇ ಇಲ್ಲ. ದಕ್ಷಿಣ ಕರಾವಳಿ ಪೂರ್ತಿ ಒಂದು ನಿಮಿಷದೊಳಗೆ ಕುಸಿಯಿತು. ಕಾರ್ಖಾನೆಯಲ್ಲಿ ಎರಡು ಮೋಟಾರು ಸುಟ್ಟವು. ತಂಪು ನೀರಿನ ಪಂಪು ನಿಂತಿತು, ಕೊಳವೆಯಲ್ಲಿ ಒತ್ತಡ ಏರಿ ಒಂದು ಜೋಡಣೆ ಬಿಟ್ಟುಕೊಂಡು ಅಮೋನಿಯಾ ಹೊರನುಗ್ಗಿತು. ಒಳಗೆ ಗಡ್ಡೆ ಹೊರುವ ಹೆಂಗಸರು ಆರು ಜನ ಇದ್ದರು. ವಾಲ್ ಅವರನ್ನು ಹೊರಗೆ ಅಟ್ಟಿ, ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು, ಕೊಳವೆಯ ತಿರುಪು ಮುಚ್ಚಲು ಒಳಗೆ ಹೋದ. ತಿರುಪು ಮುಚ್ಚಿತು. ಹೊರಗೆ ಬಂದಾಗ ಕಣ್ಣು ಬಿಡಲಾಗುತ್ತಿರಲಿಲ್ಲ.

ಎಡಗಣ್ಣು ಪೂರ್ತಿ ಹೋಯಿತು. ಬಲಗಣ್ಣಿಗೆ ಬೆಳಕು ಯಾವುದು ಕತ್ತಲು ಯಾವುದು ಎಂಬಷ್ಟು ಮಾತ್ರ ಉಳಿಯಿತು.

ಜಕಾರ್ತಾದಿಂದ ಮೂವರ ಸಮಿತಿ ಬಂತು. ಎರಡು ದಿನ ಕಡತ ನೋಡಿದರು. ಮರ ಬಿದ್ದದ್ದು ದೈವದ ಇಚ್ಛೆ. ಉಳಿದ ಮಾರ್ಗ ಅದರ ಮಿತಿಯೊಳಗೇ ಇತ್ತು. ಕುಸಿಯುವ ಕ್ಷಣದವರೆಗೆ ವೋಲ್ಟೇಜು ನಿಯಮದ ಒಳಗೇ ಇತ್ತು. ಯಾರ ತಪ್ಪೂ ಕಾಣುವುದಿಲ್ಲ. ವರದಿ ಓದಿ ಮುಗಿಸುವಾಗ ಉನಿ ಎದ್ದು ನಿಂತರು.

“ನಿಯಮವೇ ತಪ್ಪು. ಅದನ್ನ ಬರೆದೋಳು ನಾನು. ಆ ಸಂಖ್ಯೆ ಸಾಲದು ಅಂತ ಗೊತ್ತಿದ್ದೇ ಬರೆದೆ. ದಯವಿಟ್ಟು ಹಾಗಂತ ದಾಖಲು ಮಾಡಿ.”

ಸಮಿತಿಯ ಹಿರಿಯರು ಕನ್ನಡಕ ತೆಗೆದರು. “ಬು, ನಿಮ್ಮ ಮನಸ್ಸಿಗೆ ಏನಾಗಿರಬಹುದು ಅಂತ ನಮಗೆ ಅರ್ಥ ಆಗತ್ತೆ. ನಿಮ್ಮ ತಮ್ಮನ ವಿಷಯ ಕೇಳಿದ್ವಿ. ನಿವೃತ್ತಿಗೆ ಇನ್ನೆರಡೇ ವರ್ಷ ಇದೆ ನಿಮಗೆ. ಇದು ಸಮಿತಿಯ ಒಪ್ಪಿಗೆ ಪಡೆದ ಪುಸ್ತಕ, ಒಬ್ಬರದಲ್ಲ. ಕೂತ್ಕೊಳ್ಳಿ.”

ದಾಖಲು ಮಾಡಲಿಲ್ಲ. ಉನಿ ನಿಂತೇ ಇದ್ದರು. ನಾನು ತೋಳು ಹಿಡಿದು ಕೂರಿಸಿದೆ. ಉನಿಯ ಪ್ರತಿ ಭೂಕಂಪದಲ್ಲಿ ಕಚೇರಿಯ ಹಿಂಬದಿಯೊಡನೆ ಹೋಗಿತ್ತು. ನನ್ನ ಬಳಿ ಹಳೆಯ ಪುಸ್ತಕದ ಪ್ರತಿ ಇತ್ತು, ಅಡಿಟಿಪ್ಪಣಿ ಇದ್ದದ್ದು. ಅದನ್ನು ತೆಗೆದು ಮೇಜಿನ ಮೇಲೆ ಇಡಬಹುದಿತ್ತು. ನಾನು ಇಡಲಿಲ್ಲ. ಆಗ ನನಗೆ ಬಡ್ತಿಯ ವರ್ಷ. ಉನಿ ಆ ಬಗ್ಗೆ ನನ್ನನ್ನು ಎಂದೂ ಕೇಳಲಿಲ್ಲ.

ಆ ಭಾನುವಾರ ಅವರು ಆಸ್ಪತ್ರೆಗೆ ಹೋಗಿ ವಾಲನಿಗೆ ಎಲ್ಲವನ್ನೂ ಹೇಳಿದರು. ನಾನು ಬಾಗಿಲ ಬಳಿ ಹಣ್ಣಿನ ಚೀಲ ಹಿಡಿದು ನಿಂತಿದ್ದೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಅವನು ಉನಿಯ ದನಿ ಬಂದ ಕಡೆಗೆ ಮುಖ ತಿರುಗಿಸಿದ.

“ತೊಂಬತ್ತೈದೇ ಇಟ್ಟಿದ್ರೆ ಏನಾಗ್ತಿತ್ತು ಉನಿ?”

“ನಿಮಗೆ ಕರೆಂಟೇ ಬರ್ತಿರಲಿಲ್ಲ.”

“ಅಂದ್ರೆ ನಾನಿನ್ನೂ ಲಾರಿ ಓಡಿಸ್ತಿದ್ದೆ.”

“ಹೂಂ.”

“ಕೇಳ್ಕೊಂಡು ಬಂದೋನು ನಾನೇ ಅಲ್ವಾ.” ಅವನು ಕೈ ಚಾಚಿ ತಡಕಾಡಿದ, ಉನಿಯ ಕೈ ಸಿಗಲಿಲ್ಲ, ಹೊದಿಕೆಯ ಅಂಚು ಸಿಕ್ಕಿತು, ಅದನ್ನೇ ಹಿಡಿದುಕೊಂಡ. “ನೀನು ಆಗ ಇಲ್ಲ ಅಂದಿದ್ರೆ ಸಾಯೋವರೆಗೂ ನಿನ್ನ ಮಾತಾಡಿಸ್ತಿರಲಿಲ್ಲ ನಾನು. ಕಣ್ಣಾದ್ರೂ ಇರ್ತಿತ್ತು.”

ಅವನು ಅದನ್ನು ಚುಚ್ಚಲು ಹೇಳಲಿಲ್ಲ. ಲೆಕ್ಕ ಕೂಡಿ ನೋಡಿದವನಂತೆ ಹೇಳಿದ. ಉನಿ ಅವತ್ತು ಅತ್ತದ್ದನ್ನು ನಾನು ಕಂಡೆ, ಸದ್ದಿಲ್ಲದೆ, ಅವನಿಗೆ ತಿಳಿಯದ ಹಾಗೆ.

ಕಾರ್ಖಾನೆ ಮತ್ತೆ ತೆರೆಯಲಿಲ್ಲ. ವಾಲನ ಹೆಂಡತಿಯ ಮನೆಯವರು ಒಂದು ವರ್ಷ ನೋಡಿಕೊಂಡರು. ಆಮೇಲೆ ನಮ್ಮಲ್ಲಿ ಆಗುವ ಹಾಗೆಯೇ ಆಯಿತು, ದುಡಿಯಲಾಗದ ಗಂಡಸು ಹೆಂಡತಿಯ ಮನೆಯಿಂದ ತಾಯಿಮನೆಗೆ ಮರಳಿದ. ತಾಯಿ ಇಲ್ಲದ ಆ ಮನೆಗೆ ಉನಿಯೂ ೨೦೧೬ರಲ್ಲಿ ನಿವೃತ್ತಿಯಾಗಿ ಹೋದರು. ಬೀಳ್ಕೊಡುಗೆಯ ದಿನ ಮಾತಾಡಿ ಎಂದರೆ, “ಎಲ್ಲರಿಗೂ ಸಲಾಂ” ಎಂದಷ್ಟೇ ಹೇಳಿ ಕೂತರು. ಅವರ ಕುರ್ಚಿ ನನಗೆ ಬಂತು.

ಹೋದ ವರ್ಷ ಹಬ್ಬ ಕಳೆದ ಮೇಲೆ ನಾನು ಮುವಾರೊ ಸಿಕಾಬುವಿಗೆ ಹೋಗಿದ್ದೆ. ದಕ್ಕೆಯಲ್ಲಿ ಮೂರು ದೋಣಿ ಇದ್ದವು. ಗುಡ್ಡದ ಈಚೆಗೂ ಆಚೆಗೂ ತಂತಿಯಿಲ್ಲದ ಗೋಪುರಗಳು ನಿಂತಿದ್ದವು. ಕೆಲವಕ್ಕೆ ಬಳ್ಳಿ ಹತ್ತಿತ್ತು. ಉನಿ ತುಂಬಾ ತೆಳ್ಳಗಾಗಿದ್ದರು. ತೆಂಗಿನ ಹಾಲಿನ ಸಾರು, ಕೆಂಪು ಮೆಣಸಿನ ಮೀನು ಬಡಿಸಿದರು. ತಮ್ಮನ ತಟ್ಟೆಯ ಮೀನಿನಿಂದ ಮುಳ್ಳು ತೆಗೆದು, ಅನ್ನದ ಬಲಕ್ಕೆ ಮೀನು, ಎಡಕ್ಕೆ ಸೊಪ್ಪು ಎಂದು ಇಟ್ಟರು. ವಾಲ್ ಬೆರಳಲ್ಲಿ ತಡವಿ ನೋಡಿ ಉಂಡ. ಅವನು ತಮಾಷೆ ಮಾಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ನನಗೇ ತಡೆಯಲಾಗಲಿಲ್ಲ. “ಉನಿ, ಕಾಡಿನ ಅರ್ಜಿ ಮತ್ತೆ ವಾಪಸ್ ಬಂತು. ಇದು ಆರನೇ ಸಲ.”

“ಹೌದಾ.”

“ನಾನು ಇನ್ನೊಂದು ಸಲ ಹಾಕ್ತೀನಿ.”

“ಹಾಕು.” ನಾನು ಮಳೆಯ ಸುದ್ದಿ ಹೇಳಿದೆನೋ ಎಂಬಂತಿತ್ತು ಆ ದನಿ.

ಹೊರಡುವ ಮುಂಚೆ, ಅಷ್ಟು ವರ್ಷ ಹೊತ್ತುಕೊಂಡಿದ್ದ ಮಾತನ್ನು ಹೇಳಿಬಿಟ್ಟೆ. ಅವತ್ತು ಸಮಿತಿಯ ಮುಂದೆ ಹಳೆಯ ಪುಸ್ತಕ ನನ್ನ ಚೀಲದಲ್ಲೇ ಇತ್ತು ಎಂದೆ. ಉನಿ ನನ್ನ ಮುಖ ನೋಡಿದರು. ಬೈಯುತ್ತಾರೆ, ಇಲ್ಲವೇ ಪರವಾಗಿಲ್ಲ ಎನ್ನುತ್ತಾರೆ ಎಂದು ಕಾದೆ. ಎರಡರಲ್ಲಿ ಒಂದಾದರೂ ನನಗೆ ಬೇಕಾಗಿತ್ತು.

“ನಾಲ್ಕೂವರೆ ಬಸ್ಸು ತಪ್ಪಿದ್ರೆ ಇನ್ನು ನಾಳೆನೇ, ಜೋನ್” ಎಂದರು. ಕಿಟಕಿಯ ಮೇಲಿದ್ದ ಔಷಧದ ಸೀಸೆ ತೆಗೆದುಕೊಂಡು, ತಮ್ಮನ ಗಲ್ಲ ಹಿಡಿದು ಮುಖ ಮೇಲಕ್ಕೆತ್ತಿ, ಬೆಳಕು-ಕತ್ತಲು ಬಿಟ್ಟರೆ ಬೇರೇನೂ ತಿಳಿಯದ ಆ ಕಣ್ಣಿಗೆ ಎರಡು ಹನಿ ಬಿಟ್ಟರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.